ಬಣ್ಣ ಆರಿಸುವ ಮುಂಚೆ: 1965ರ ಎಂಜಿಬಿ ಕಾರಿನ ಸೀಟುಗಳ ಪ್ರಕರಣ

ಹಳೇ ಕಾರಿನ ಸೀಟು ಹರಿದಾಗ ಎಲ್ಲರೂ ಮೊದಲು ಕೇಳುವುದು ಯಾವ ಬಣ್ಣ ಹಾಕಿಸೋಣ ಅಂತ. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದನ್ನು ಈ ಪ್ರಕರಣದಲ್ಲಿ ಹತ್ತಿರದಿಂದ ನೋಡಿದೆ. ಬರೆಯಲು ಮಾಲೀಕರು ಒಪ್ಪಿದ್ದಾರೆ, ಹೆಸರು ಬೇಡ ಅಂದಿದ್ದಾರೆ. ಕೆಲಸ ಮಾಡಿದವರ ಮತ್ತು ಅಂಗಡಿಗಳ ಗುರುತನ್ನೂ ಬಿಟ್ಟಿದ್ದೇನೆ. ಕಾರಿನ ಮೈಬಣ್ಣವನ್ನೂ ಹೇಳುವುದಿಲ್ಲ, ಯಾಕೆಂದರೆ ಬೆಂಗಳೂರಿನಲ್ಲಿ ಇಂಥ ಕಾರುಗಳು ಕಮ್ಮಿ, ಬಣ್ಣ ಹೇಳಿದರೆ ಯಾರದ್ದು ಅಂತ ಗೊತ್ತಾಗಿಬಿಡುತ್ತದೆ.

ಹಿನ್ನೆಲೆ

ಕಾರು 1965ರ ಎಂಜಿಬಿ ರೋಡ್‌ಸ್ಟರ್. ಇಂಗ್ಲೆಂಡಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಚಾವಣಿಯ ಬದಲು ತೆಗೆದಿಡಬಹುದಾದ ಬಟ್ಟೆ ಹುಡ್, 1798 ಸಿಸಿ ಎಂಜಿನ್. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಮಾಡೆಲ್ ಇದು. ಒಟ್ಟು ಐದು ಲಕ್ಷಕ್ಕೂ ಜಾಸ್ತಿ ಕಾರು ಹೊರಬಂದವು. ಹಾಗಾಗಿ ಅಲ್ಲಿ ಇವತ್ತಿಗೂ ಬಿಡಿಭಾಗಕ್ಕೆ ಬರ ಇಲ್ಲ. ಸೀಟಿನ ಹೊದಿಕೆ ಕೂಡ ಸಿದ್ಧ ಸೆಟ್ ಆಗಿಯೇ ಸಿಗುತ್ತದೆ.

ಈ ಕಾರನ್ನು ಮಾಲೀಕರ ತಂದೆ ಇಂಗ್ಲೆಂಡಿನ ಕೆಲಸ ಮುಗಿಸಿ ವಾಪಸ್ ಬರುವಾಗ ಹಡಗಿನಲ್ಲಿ ತಂದರು. ಆಮೇಲೆ ಅದು ಬೆಂಗಳೂರು ಬಿಟ್ಟು ಹೋಗಲಿಲ್ಲ. ತೊಂಬತ್ತರ ದಶಕದಲ್ಲಿ ಸೀಟಿನ ಚರ್ಮ ಒಣಗಿ ಬಿರುಕು ಬಿಡಲು ಶುರುವಾದಾಗ, ಅದರ ಮೇಲೆಯೇ ದಪ್ಪ ರೆಕ್ಸಿನ್ ಕವರ್ ಹೊಲಿಸಿದ್ದರು. ಆ ಕಾಲಕ್ಕೆ ಅದು ಎಲ್ಲರೂ ಮಾಡುತ್ತಿದ್ದ ಕೆಲಸ. ಕಾರಿನ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಕಾರು ಒಯ್ದರೆ ಸಂಜೆಯೊಳಗೆ ಕವರ್ ಹಾಕಿ ಕಳಿಸುತ್ತಿದ್ದರು.

ಎಂಜಿನ್, ಬ್ರೇಕು, ಮೈಬಣ್ಣ ಎಲ್ಲ ಒಂದೊಂದಾಗಿ ಸರಿಯಾಗುತ್ತಾ ಬಂತು. ಕೊನೆಗೆ ಉಳಿದದ್ದು ಸೀಟು. ಡ್ರೈವರ್ ಸೀಟಿನಲ್ಲಿ ಕುಳಿತರೆ ಎಡ ಪಕ್ಕ ತಗ್ಗುತ್ತಿತ್ತು. ಅರ್ಧ ಗಂಟೆ ಓಡಿಸಿದರೆ ಸೊಂಟ ಹಿಡಿದುಕೊಳ್ಳುತ್ತಿತ್ತು.

ಮೊದಲ ರಿಪೇರಿ

ಮಾಲೀಕರು ಕಾರನ್ನು ಒಂದು ಸೀಟ್ ಕವರ್ ಅಂಗಡಿಗೆ ಒಯ್ದರು. ಕೈ ತುಂಬ ಕೆಲಸ ಇರುವ ಅಂಗಡಿ, ಹೊಸ ಕಾರುಗಳಿಗೆ ಚೆನ್ನಾಗಿಯೇ ಮಾಡಿಕೊಡುತ್ತಾರೆ. ಅವರು ಡ್ರೈವರ್ ಸೀಟಿನ ಹಳೇ ರೆಕ್ಸಿನ್ ಕಿತ್ತರು. ಕೆಳಗಿದ್ದ ಮೂಲ ಚರ್ಮದ ಮೇಲೆ ನೇರವಾಗಿ ಅಂಟು ಬಳಿದು ಫೋಮ್ ಶೀಟ್ ಕೂರಿಸಿದರು. ಅದರ ಮೇಲೆ ವಜ್ರಾಕಾರದ ಹೊಲಿಗೆ ಇರುವ ಹೊಸ ಹೊದಿಕೆ ಎಳೆದರು. ನೋಡೋಕೆ ಮಿಂಚುತ್ತಿತ್ತು.

ಕುಳಿತಾಗ ತೊಂದರೆ ಗೊತ್ತಾಯಿತು. ಸೀಟು ಸುಮಾರು ಎರಡು ಇಂಚು ಎತ್ತರವಾಗಿತ್ತು. ಇದು ನೆಲಕ್ಕೆ ಅಂಟಿದಂತಿರುವ ಕಾರು, ಹುಡ್ ಹಾಕಿದರೂ ಒಟ್ಟು ಎತ್ತರ ಒಂದೂಕಾಲು ಮೀಟರ್ ಅಷ್ಟೆ. ಸ್ಟೀರಿಂಗ್ ಚಕ್ರವೂ ದೊಡ್ಡದು. ಎರಡು ಇಂಚು ಮೇಲೆ ಕುಳಿತರೆ ತಲೆ ಹುಡ್‌ಗೆ ತಾಗುತ್ತದೆ, ತೊಡೆ ಚಕ್ರಕ್ಕೆ ಒತ್ತುತ್ತದೆ, ಕ್ಲಚ್ ಒತ್ತಿ ಕಾಲು ಎತ್ತುವಾಗ ಮೊಣಕಾಲು ಸಿಕ್ಕಿಕೊಳ್ಳುತ್ತದೆ. ಎಡಕ್ಕೆ ತಗ್ಗುವುದಂತೂ ಹಾಗೇ ಇತ್ತು.

ಮಾಲೀಕರು ಅಲ್ಲಿಗೇ ನಿಲ್ಲಿಸಿದರು. ಪಕ್ಕದ ಸೀಟನ್ನು ಮುಟ್ಟಲು ಬಿಡಲಿಲ್ಲ. ಇಡೀ ಪ್ರಕರಣದಲ್ಲಿ ಅತಿ ಒಳ್ಳೆಯ ತೀರ್ಮಾನ ಅದೇ ಅಂತ ನನಗೆ ಅನಿಸುತ್ತದೆ. ಅರ್ಧ ದುಡ್ಡು ಕೊಟ್ಟಾಗಿದೆ, ಇನ್ನೊಂದನ್ನೂ ಮುಗಿಸಿಬಿಡೋಣ ಅನ್ನುವುದು ಸಹಜ. ಅವರು ಹಾಗೆ ಮಾಡಿದ್ದರೆ ಮುಂದಿನ ಕೆಲಸಕ್ಕೆ ನಮಗೆ ಅಳತೆಯೇ ಸಿಗುತ್ತಿರಲಿಲ್ಲ.

ಬಿಚ್ಚಿದಾಗ ಕಂಡದ್ದು

ನನ್ನನ್ನು ಕರೆದದ್ದು ಈ ಹಂತದಲ್ಲಿ. ಹಳೇ ಕಾರುಗಳ ಒಳಾಂಗಣದ ಕೆಲಸದಲ್ಲಿ ನಾನು ಸಲಹೆ ಕೊಡುತ್ತೇನೆ, ಕುಷನ್ ಮೇಸ್ತ್ರಿಗಳ ಜೊತೆ ಕೂತು ಕೆಲಸ ನೋಡಿಕೊಳ್ಳುತ್ತೇನೆ. ಎರಡೂ ಸೀಟನ್ನು ಕಾರಿನಿಂದ ಹೊರತೆಗೆದು ಮೇಜಿನ ಮೇಲೆ ಮಗುಚಿ ಹಾಕಿಸಿದೆ. ಕೆಳಗಿನಿಂದ ನೋಡದೆ ಸೀಟಿನ ಬಗ್ಗೆ ಏನೂ ಹೇಳೋಕಾಗಲ್ಲ.

ಈ ಕಾಲದ ಎಂಜಿಬಿ ಸೀಟಿನಲ್ಲಿ ಉಕ್ಕಿನ ಚೌಕಟ್ಟಿಗೆ ಅಡ್ಡಲಾಗಿ ರಬ್ಬರ್ ಪಟ್ಟಿಗಳನ್ನು ಬಿಗಿದಿರುತ್ತಾರೆ. ಪಿರೆಲ್ಲಿ ವೆಬ್ಬಿಂಗ್ ಅಂತ ಕರೆಯುವ ಪಟ್ಟಿ, ರಬ್ಬರಿನ ನಡುವೆ ನೂಲಿನ ಪದರ ಇರುತ್ತದೆ. ಅದರ ಮೇಲೆ ಫೋಮ್, ಫೋಮ್ ಮೇಲೆ ಹೊದಿಕೆ. ಅಂದರೆ ಮೈಭಾರ ಹೊರುವುದು ಪಟ್ಟಿ. ಡ್ರೈವರ್ ಸೀಟಿನಲ್ಲಿ ಎಡ ಪಕ್ಕದ ಪಟ್ಟಿಗಳು ತುಂಡಾಗಿ ಜೋತಾಡುತ್ತಿದ್ದವು, ಉಳಿದವು ಒಣಗಿ ಬಿರಿದಿದ್ದವು. ಮೂಲ ಲ್ಯಾಟೆಕ್ಸ್ ಫೋಮ್ ಕಂದು ಪುಡಿಯಾಗಿ ಉದುರುತ್ತಿತ್ತು. ರಬ್ಬರಿನ ಹಾಲಿನಿಂದ ಮಾಡಿದ ಫೋಮ್ ಬಿಸಿಲು, ಗಾಳಿ, ವಯಸ್ಸಿಗೆ ಹೀಗೇ ಆಗುತ್ತದೆ. ಬೆನ್ನಿನ ಚೌಕಟ್ಟು ಸೇರುವ ಕಡೆ ವೆಲ್ಡಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು. ಸೀಟಿನ ಹಳಿಗಳ ಕೆಳಗೆ ನೆಲಕ್ಕೆ ಕೂರಿಸುವ ಮರದ ಪಟ್ಟಿಗಳು ನೀರು ಕುಡಿದು ಮೆತ್ತಗಾಗಿದ್ದವು.

ಇಷ್ಟೂ ತೊಂದರೆ ಕೆಳಗೆ ಇತ್ತು. ರಿಪೇರಿ ಆದದ್ದು ಮೇಲೆ.

ಇನ್ನೊಂದು ನಷ್ಟವೂ ಕಂಡಿತು. ಮೊದಲ ಅಂಗಡಿ ಅಂಟಿಸಿದ ಫೋಮನ್ನು ನಿಧಾನವಾಗಿ ಬಿಡಿಸಿದರೂ, ಅಂಟು ಹಿಡಿದ ಕಡೆಯೆಲ್ಲ ಚರ್ಮದ ಮೇಲ್ಪದರ ಕಿತ್ತುಕೊಂಡೇ ಬಂತು. ಹರಿದ ಚರ್ಮವನ್ನು ಹಿಂದಿನಿಂದ ತೇಪೆ ಹಾಕಿ ಉಳಿಸಬಹುದು, ಬಣ್ಣ ಹೋದದ್ದಕ್ಕೆ ಬಣ್ಣ ಕೊಡಬಹುದು. ಮೇಲ್ಪದರವೇ ಹೋದರೆ ಮುಗಿಯಿತು. ಹಳೇ ಚರ್ಮದ ಮೇಲೆ ಯಾರಾದರೂ ಅಂಟಿನ ಡಬ್ಬಿ ತೆರೆದರೆ ದಯವಿಟ್ಟು ಕೈ ಹಿಡಿದು ನಿಲ್ಲಿಸಿ.

ಪಕ್ಕದ ಸೀಟಿನ ರೆಕ್ಸಿನ್ ಕವರನ್ನು ದಾರ ಕತ್ತರಿಸಿ ತೆಗೆದಾಗ ಎಲ್ಲರಿಗೂ ಖುಷಿಯಾಯಿತು. ಒಳಗೆ ಕಪ್ಪು ಚರ್ಮ, ಅಂಚಿನ ಹೊಲಿಗೆಗುಂಟ ದಪ್ಪ ದಾರದಂತೆ ಓಡುವ ಬಿಳಿ ಪೈಪಿಂಗ್, ಮಡಚಿ ಹೊಲಿದ ನೆಟ್ಟಗಿನ ಪ್ಲೀಟ್‌ಗಳು, ಎಲ್ಲ ಇದ್ದಲ್ಲೇ ಇದ್ದವು. ಕಾರ್ಖಾನೆಯ ಹೊಲಿಗೆ ಹೇಗಿತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಉಳಿಸುವುದಾ, ಬದಲಿಸುವುದಾ

ಇಲ್ಲಿ ನಿಜವಾದ ಚರ್ಚೆ ನಡೆಯಿತು. ಮಾಲೀಕರಿಗೆ ಎರಡೂ ಸೀಟು ಹೊಸದಾಗಿ, ಪೂರ್ತಿ ಚರ್ಮದಲ್ಲಿ ಬೇಕಿತ್ತು. ನನ್ನ ವಾದ ಬೇರೆ. ಪಕ್ಕದ ಸೀಟಿನ ಚರ್ಮ ನೋಡಲು ಚೆನ್ನಾಗಿದೆ, ಅದನ್ನು ಹದ ಮಾಡಿ ಹಾಗೇ ಉಳಿಸೋಣ, ಡ್ರೈವರ್ ಸೀಟನ್ನು ಮಾತ್ರ ಹೊಸದಾಗಿ ಹೊಲಿಯೋಣ ಅಂದೆ.

ಕೆಲಸ ಹಿಡಿದಿದ್ದ ಕುಷನ್ ಮೇಸ್ತ್ರಿ ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಂಡರು. ಆಮೇಲೆ ಪಕ್ಕದ ಸೀಟಿನ ಹಿಂಬದಿಯ ಒಂದು ಮೂಲೆಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ನಾಲ್ಕು ಹೊಲಿಗೆ ಬಿಚ್ಚಿ ಚರ್ಮದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರು. ಸೂಜಿ ತೂತುಗಳ ಸಾಲಿನಲ್ಲೇ ಅದು ಅಂಚೆ ಚೀಟಿಯ ಹಾಗೆ ಹರಿದು ಬಂತು. ಮೇಲಿನ ಹೊಳಪು ಉಳಿದಿತ್ತು, ಒಳಗಿನ ನಾರಿನ ಶಕ್ತಿ ಹೋಗಿತ್ತು. ಫೋಮ್ ಬದಲಿಸಬೇಕು ಅಂದರೆ ಹೊಲಿಗೆ ಬಿಚ್ಚಲೇಬೇಕು. ಬಿಚ್ಚಿದರೆ ಈ ಚರ್ಮ ಇನ್ನೊಂದು ಹೊಲಿಗೆ ತಡೆಯುವುದಿಲ್ಲ. ಚರ್ಚೆ ಮುಗಿಯಿತು. ಚರ್ಮ ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ಹೇಳಬೇಕಾದ್ದು ಹೊಲಿಗೆಯ ಅಂಚು, ಮೇಲ್ಮೈ ಅಲ್ಲ.

ಆದರೆ ಪೂರ್ತಿ ಚರ್ಮ ಅನ್ನುವ ಆಸೆಗೆ ನಾನು ಒಪ್ಪಲಿಲ್ಲ. ಈ ಕಾರಿಗೆ ಕಾರ್ಖಾನೆಯಲ್ಲೇ ಕೂರುವ ಮತ್ತು ಒರಗುವ ಭಾಗಕ್ಕೆ ಮಾತ್ರ ಚರ್ಮ, ಪಕ್ಕ ಮತ್ತು ಬೆನ್ನ ಹಿಂಭಾಗಕ್ಕೆ ರೆಕ್ಸಿನ್ ತರಹದ ಬಟ್ಟೆ ಹಾಕುತ್ತಿದ್ದರು. ಅದು ಮೋಸ ಅಲ್ಲ, ಆ ಕಾರಿನ ಸ್ವಭಾವ. ಬೆನ್ನ ಹಿಂಭಾಗದ ಮೂಲ ತುಂಡುಗಳು ಇಷ್ಟು ವರ್ಷ ಕವರಿನೊಳಗೆ ಬಿಸಿಲು ಕಾಣದೆ ಮೆತ್ತಗೇ ಉಳಿದಿದ್ದವು. ಅವನ್ನು ತೊಳೆದು ಮತ್ತೆ ಬಳಸೋಣ, ಮುಂಭಾಗದ ಚರ್ಮ ಮಾತ್ರ ಹೊಸದು ಅಂತ ಒಪ್ಪಂದ ಆಯಿತು.

ಇಂಗ್ಲೆಂಡಿನಿಂದ ಸಿದ್ಧ ಹೊದಿಕೆಯ ಸೆಟ್ ತರಿಸುವ ಮಾತೂ ಬಂದಿತ್ತು. ಹೊಲಿಯುವ ಕೈ ನಮ್ಮೂರಲ್ಲೇ ಇದೆ, ಮೂಲದ ಮಾದರಿ ಮೇಜಿನ ಮೇಲೇ ಇದೆ, ಮತ್ತೆ ಸುಂಕ ಕಟ್ಟಿ ಯಾಕೆ ತರಿಸಬೇಕು ಅಂತ ಬಿಟ್ಟೆವು. ಅಲ್ಲಿಂದ ತರಿಸಿದ್ದು ರಬ್ಬರ್ ಪಟ್ಟಿ ಮತ್ತು ಅದರ ಕ್ಲಿಪ್ ಮಾತ್ರ. ಲಾರಿ ಟ್ಯೂಬ್ ಕತ್ತರಿಸಿ ಪಟ್ಟಿ ಮಾಡೋಣ ಅಂತ ಒಬ್ಬರು ಹೇಳಿದ್ದರು, ನಮ್ಮಲ್ಲಿ ಅದು ಹಳೇ ರೂಢಿ. ನಾನು ಬೇಡ ಅಂದೆ. ಟ್ಯೂಬಿನ ರಬ್ಬರಿನಲ್ಲಿ ನೂಲು ಇರುವುದಿಲ್ಲ. ಭಾರ ಬಿದ್ದು ಬಿದ್ದು ಉದ್ದವಾಗುತ್ತಾ ಹೋಗುತ್ತದೆ, ಸೀಟು ಮತ್ತೆ ತಗ್ಗುತ್ತದೆ.

ಫೋಮ್ ಮತ್ತು ಕೋರಾ ಬಟ್ಟೆ

ಚೌಕಟ್ಟಿನ ಬಿರುಕಿಗೆ ವೆಲ್ಡಿಂಗ್, ತುಕ್ಕು ತೆಗೆದು ಬಣ್ಣ, ಹೊಸ ಮರದ ಪಟ್ಟಿ: ಇವೆಲ್ಲ ಬೇಗ ಮುಗಿದವು. ಫೋಮ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ.

ಅಂಗಡಿಯಲ್ಲಿ ಫೋಮ್ ಕೊಳ್ಳುವಾಗ ಎಲ್ಲರೂ ಡೆನ್ಸಿಟಿ ಕೇಳುತ್ತಾರೆ. 40 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮಿನ ತೂಕ 40 ಕೆ.ಜಿ. ಅಂತ, ಅಷ್ಟೇ. ಎಷ್ಟು ಗಟ್ಟಿ, ಎಷ್ಟು ಮೆತ್ತಗೆ ಅನ್ನುವುದು ಬೇರೆ ಅಳತೆ. ಒಂದೇ ಡೆನ್ಸಿಟಿಯಲ್ಲಿ ಗಟ್ಟಿಯದೂ ಸಿಗುತ್ತದೆ, ಮೆತ್ತಗಿನದೂ ಸಿಗುತ್ತದೆ. ಡೆನ್ಸಿಟಿ ಜಾಸ್ತಿ ಇದ್ದರೆ ಫೋಮ್ ಬೇಗ ಸೋಲುವುದಿಲ್ಲ, ಆದರೆ ಕುಳಿತಾಗ ಎಷ್ಟು ಇಳಿಯುತ್ತದೆ ಅನ್ನುವುದನ್ನು ಅದೊಂದೇ ಹೇಳುವುದಿಲ್ಲ. ಸೀಟಿನಲ್ಲಿ ಮುಖ್ಯವಾದದ್ದು ಖಾಲಿ ಇದ್ದಾಗಿನ ಎತ್ತರ ಅಲ್ಲ, ಮನುಷ್ಯ ಕುಳಿತ ಮೇಲಿನ ಎತ್ತರ. ಮೊದಲ ಅಂಗಡಿಯ ಕೆಲಸ ಎಡವಿದ್ದು ಇಲ್ಲೇ.

ಪಕ್ಕದ ಸೀಟಿನ ಪಟ್ಟಿಗಳು ತುಂಡಾಗಿರಲಿಲ್ಲ. ಫೋಮಿನ ಅಂಚುಗಳೂ ಆಕಾರ ಉಳಿಸಿಕೊಂಡಿದ್ದವು. ಅದರಿಂದ ದಪ್ಪದ ಅಳತೆ ತೆಗೆದುಕೊಂಡು ಕೆಳಗೆ ಗಟ್ಟಿ ಫೋಮ್, ಮೇಲೆ ತೆಳುವಾದ ಮೆತ್ತಗಿನ ಫೋಮ್ ಅಂತ ಎರಡು ಪದರ ಕತ್ತರಿಸಿದರು. ಅಂಚುಗಳನ್ನು ಉದ್ದ ಬ್ಲೇಡಿನಲ್ಲಿ ಇಳಿಜಾರು ಮಾಡಿದರು.

ಮೇಸ್ತ್ರಿ ಚರ್ಮಕ್ಕೆ ಇನ್ನೂ ಕೈ ಹಾಕಲಿಲ್ಲ. ಮೊದಲು ಕೋರಾ ಬಟ್ಟೆಯಲ್ಲಿ ಒಂದು ಹೊದಿಕೆ ಹೊಲಿದು ಫೋಮಿಗೆ ಹಾಕಿ, ಸೀಟನ್ನು ಕಾರಿನೊಳಗೆ ಬೋಲ್ಟ್ ಮಾಡಿಸಿದರು. ಮಾಲೀಕರು ಕುಳಿತು, ಕ್ಲಚ್ ಒತ್ತಿ, ಗೇರ್ ಹಾಕಿ, ಹುಡ್ ಮುಚ್ಚಿ ನೋಡಿದರು. ಇನ್ನೂ ಸ್ವಲ್ಪ ಎತ್ತರ. ಕೆಳಗಿನ ಪದರವನ್ನು ತೆಳು ಮಾಡಿದರು. ಆಗ ತೊಡೆಯ ಕೆಳಗೆ ಆಸರೆ ಕಮ್ಮಿಯಾಯಿತು. ಮುಂದಿನ ಅಂಚಿಗೆ ಒಂದು ಪಟ್ಟಿ ಫೋಮ್ ಸೇರಿಸಿದರು. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು, ಮತ್ತೆ ಬಿಚ್ಚುವುದು, ಮತ್ತೆ ಕೂರಿಸುವುದು. ಕೊನೆಗೆ ಮಾಲೀಕರು ಆ ಕೋರಾ ಬಟ್ಟೆಯ ಸೀಟಿನಲ್ಲೇ ಕಾರನ್ನು ನಂದಿ ಬೆಟ್ಟದ ಕಡೆಗೆ ಓಡಿಸಿಕೊಂಡು ಬಂದು, ಈಗ ಸರಿ ಅಂದರು.

ಕೋರಾ ಬಟ್ಟೆ ಅಗ್ಗ. ಚರ್ಮಕ್ಕೆ ಒಮ್ಮೆ ಕತ್ತರಿ ಬಿದ್ದರೆ ಬಿತ್ತು. ಈ ಒಂದು ಹೆಜ್ಜೆಯನ್ನು ಬಿಡಬೇಡಿ ಅಂತ ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಚರ್ಮ

ಆ ಕಾಲದ ಎಷ್ಟೋ ಇಂಗ್ಲಿಷ್ ಕಾರುಗಳಿಗೆ ಚರ್ಮ ಕೊಡುತ್ತಿದ್ದದ್ದು ಕಾನಲಿ ಕಂಪನಿ. 1878ರಲ್ಲಿ ಶುರುವಾದ ಆ ಕಂಪನಿಯ ಚರ್ಮದ ಕಾರ್ಖಾನೆ 2002ರಲ್ಲಿ ಮುಚ್ಚಿತು. ನಮಗೆ ಹತ್ತಿರ ಇದ್ದದ್ದು ಬೆಂಗಳೂರು–ಚೆನ್ನೈ ಹೆದ್ದಾರಿಯ ಮೇಲಿನ ಆಂಬೂರು ಮತ್ತು ವಾಣಿಯಂಬಾಡಿ, ದೇಶದ ದೊಡ್ಡ ಚರ್ಮದ ಊರುಗಳು.

ಅಲ್ಲಿ ಜಾಸ್ತಿ ಸಿಗುವುದು ಶೂ ಮತ್ತು ಬ್ಯಾಗಿನ ಚರ್ಮ. ಸೀಟಿಗೆ ಬೇಕಾದ್ದು ಬೇರೆ. ದಪ್ಪ 1.1ರಿಂದ 1.4 ಮಿ.ಮೀ. ಒಳಗಿರಬೇಕು, ಮೂಲೆಯಲ್ಲಿ ಮಡಚಿದರೆ ಬಗ್ಗಬೇಕು, ಬಿಸಿಲಿಗೆ ಬಣ್ಣ ಬಿಡಬಾರದು. ಹುಡ್ ತೆಗೆದು ಓಡಿಸುವ ಕಾರು, ಜೂನ್ ಬಂದರೆ ಯಾವಾಗ ಮಳೆ ಸುರಿಯುತ್ತದೋ ಗೊತ್ತಿಲ್ಲ. ಅದಕ್ಕೇ ಬಣ್ಣ ಮೇಲೆ ಪದರವಾಗಿ ಕೂತಿರುವ ಪಿಗ್ಮೆಂಟ್ ಫಿನಿಶ್ ಚರ್ಮ ಆರಿಸಿದೆವು. ಬರೀ ಬಣ್ಣದ ನೀರಿನಲ್ಲಿ ಅದ್ದಿದ ಚರ್ಮ ಮುಟ್ಟಲು ಬಹಳ ಹಿತ, ಆದರೆ ಒಂದು ಹನಿ ನೀರಿಗೇ ಕಲೆ ಹಿಡಿಯುತ್ತದೆ. ಒದ್ದೆ ಬಿಳಿ ಬಟ್ಟೆಯಲ್ಲಿ ಜೋರಾಗಿ ಉಜ್ಜಿ, ಬಣ್ಣ ಹತ್ತದ್ದನ್ನು ಮಾತ್ರ ತಂದೆವು. ಬಿಳಿ ಪೈಪಿಂಗ್ ಪಕ್ಕದಲ್ಲಿ ಕಪ್ಪು ಚರ್ಮ ಹೊಲಿಯುವವರು ಈ ಪರೀಕ್ಷೆ ಮಾಡಲೇಬೇಕು.

ಹೈಡ್, ಅಂದರೆ ಕತ್ತರಿಸದ ಇಡೀ ಚರ್ಮ, ಹರಡಿ ಮೇಸ್ತ್ರಿ ಬೆಳಕಿಗೆ ಅಡ್ಡಲಾಗಿ ನೋಡಿದರು. ಉಣ್ಣಿ ಹುಳ ಕಚ್ಚಿದ ಚುಕ್ಕೆ, ಮುಳ್ಳು ಗೀರಿದ ಗೆರೆ, ಬರೆ ಹಾಕಿದ ಗುರುತು, ಎಲ್ಲಕ್ಕೂ ಸೀಮೆಸುಣ್ಣದಲ್ಲಿ ಸುತ್ತು ಹಾಕಿದರು. ಬೆನ್ನುಮೂಳೆಯ ಎರಡೂ ಬದಿಯ ಚರ್ಮ ಬಿಗಿ, ಅದು ಕೂರುವ ಭಾಗಕ್ಕೆ. ಹೊಟ್ಟೆಯ ಕಡೆಯದು ಎಳೆದರೆ ಹಿಗ್ಗುತ್ತದೆ, ಅದು ಒಳಗೆ ಮಡಚಿ ಹೋಗುವ ತುಂಡುಗಳಿಗೆ.

ಅಳತೆ ಮತ್ತು ಹೊಲಿಗೆ

ಹಳೇ ಹೊದಿಕೆಯ ಹೊಲಿಗೆ ಬಿಚ್ಚಿ, ಒಂದೊಂದು ತುಂಡಿಗೂ ನಂಬರ್ ಬರೆದು, ಮುಂದೆ ಯಾವುದು, ಮಧ್ಯದ ಗೆರೆ ಎಲ್ಲಿ ಅಂತ ಗುರುತು ಮಾಡಿ, ಕಂದು ಪೇಪರಿನ ಮೇಲೆ ಇಳಿಸಿದರು. ಸಹಾಯಕ ಹುಡುಗ ಡ್ರೈವರ್ ಸೀಟಿನ ತುಂಡುಗಳಿಂದ ಶುರು ಮಾಡಿದ್ದ. ಮೇಸ್ತ್ರಿ ಎರಡೂ ಸೀಟಿನ ಕೂರುವ ತುಂಡನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. ಡ್ರೈವರ್ ಕಡೆಯದು ಬೆರಳಿನ ಅಗಲದಷ್ಟು ದೊಡ್ಡದು. ವರ್ಷಗಟ್ಟಲೆ ಕುಳಿತು ಕುಳಿತು ಹಿಗ್ಗಿದ ಚರ್ಮ ಅದು. ಅದನ್ನೇ ನಂಬಿ ಕತ್ತರಿಸಿದ್ದರೆ ಹೊಸ ಹೊದಿಕೆ ಮೊದಲ ದಿನದಿಂದಲೇ ಸಡಿಲ. ಪಕ್ಕದ ಸೀಟಿನ ಅಳತೆ ತೆಗೆದು, ಪೇಪರ್ ಮಗುಚಿ ಡ್ರೈವರ್ ಸೀಟಿಗೆ ಬಳಸಿದರು.

ಪ್ಲೀಟ್ ಕೆಲಸವನ್ನು ಪಕ್ಕದಲ್ಲಿ ಕೂತು ನೋಡಿದೆ. ಚರ್ಮದ ಕೆಳಗೆ ತೆಳು ಫೋಮ್, ಅದರ ಕೆಳಗೆ ಕೋರಾ ಬಟ್ಟೆ. ಗೆರೆ ಎಳೆದು, ಗೆರೆಯ ಮೇಲೆ ಚರ್ಮ ಮಡಚಿ, ಅಂಚಿನಿಂದ ಸ್ವಲ್ಪ ಒಳಗೆ ಹೊಲಿಗೆ. ಪ್ರತಿ ಪ್ಲೀಟೂ ಒಂದಿಷ್ಟು ಅಗಲ ತಿನ್ನುತ್ತದೆ, ಹಾಗಾಗಿ ತುಂಡನ್ನು ಮೊದಲೇ ಅಗಲವಾಗಿ ಕತ್ತರಿಸಬೇಕು. ಒಂದು ಪ್ಲೀಟಿನಲ್ಲಿ 1 ಮಿ.ಮೀ. ತಪ್ಪಿದರೆ ಗೊತ್ತಾಗುವುದಿಲ್ಲ. ಹತ್ತು ಪ್ಲೀಟ್ ಆಗುವಷ್ಟರಲ್ಲಿ 1 ಸೆಂ.ಮೀ., ಆಗ ಬೆನ್ನಿನ ಗೆರೆ ಮತ್ತು ಕೂರುವ ಭಾಗದ ಗೆರೆ ಒಂದಕ್ಕೊಂದು ಸೇರುವುದಿಲ್ಲ. ಮೇಸ್ತ್ರಿ ಪ್ರತಿ ಪ್ಲೀಟ್ ಆದ ಮೇಲೂ ಮೆಷಿನ್ ನಿಲ್ಲಿಸಿ ಸ್ಕೇಲ್ ಇಡುತ್ತಿದ್ದರು.

ಮೆಷಿನ್ ವಾಕಿಂಗ್ ಫುಟ್ ಇರುವಂಥದ್ದು. ಅದು ಮೇಲಿನ ಪದರವನ್ನೂ ಕೆಳಗಿನದನ್ನೂ ಒಟ್ಟಿಗೆ ಮುಂದಕ್ಕೆ ಒಯ್ಯುತ್ತದೆ. ಮಾಮೂಲಿ ಮೆಷಿನ್ನಿನಲ್ಲಿ ಮೇಲಿನ ಚರ್ಮ ಹಿಂದೆ ಉಳಿದು ಸುಕ್ಕಾಗುತ್ತದೆ. ದಾರ ಬಾಂಡೆಡ್ ಪಾಲಿಯೆಸ್ಟರ್, ಬಿಸಿಲಿಗೂ ನೀರಿಗೂ ಕೊಳೆಯದು. ಹೊಲಿಗೆಯ ಅಂತರವನ್ನು ಹಳೇ ಚರ್ಮದ ತೂತುಗಳನ್ನು ಎಣಿಸಿ ಅದರಂತೆಯೇ ಇಟ್ಟರು. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಅಂತ ಬಟ್ಟೆಯ ವಿಷಯದಲ್ಲಿ ಹೇಳಬಹುದು. ಚರ್ಮದಲ್ಲಿ ತೂತು ಜಾಸ್ತಿಯಾದಷ್ಟೂ ಅದು ಸೋಲುತ್ತದೆ.

ಪೈಪಿಂಗಿನ ಬಿಳಿ ಪಟ್ಟಿಯ ಅಂಚುಗಳನ್ನು ರಂಪಿಗೆಯಿಂದ, ಅಂದರೆ ಚರ್ಮ ಹೆರೆಯುವ ಉಳಿಯಿಂದ, ಹೆರೆದು ತೆಳು ಮಾಡಿದರು. ಇಲ್ಲದಿದ್ದರೆ ಮೂಲೆಯಲ್ಲಿ ನಾಲ್ಕು ಪದರ ಸೇರಿ ಗಂಟು ಏಳುತ್ತದೆ. ಈ ಕೈಚಳಕ ಕಲಿಯುವವರು ಈಗ ಬಹಳ ಕಮ್ಮಿ. ಕಂಪ್ಯೂಟರ್ ಕತ್ತರಿಸಿ ಕೊಟ್ಟ ಹೊದಿಕೆ ಎಳೆದು ಹಾಕಿದರೆ ದಿನಕ್ಕೆ ನಾಲ್ಕು ಕಾರು ಮುಗಿಯುತ್ತದೆ, ಅಂಥಾದ್ದರಲ್ಲಿ ಒಂದು ಮೂಲೆಗೆ ಅರ್ಧ ದಿನ ಕೊಡುವವರಿಗೆ ಅಷ್ಟು ದುಡ್ಡು ಕೊಡುವವರು ಯಾರು? ಈ ಮಾಲೀಕರು ಕೊಟ್ಟರು, ಚೌಕಾಸಿ ಮಾಡಲಿಲ್ಲ.

ಹೊದಿಕೆ ಹಾಕುವ ದಿನ ಚರ್ಮವನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟು ಮೆತ್ತಗೆ ಮಾಡಿಕೊಂಡರು. ಫೋಮಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದರು, ಅದರ ಮೇಲೆ ಚರ್ಮ ಜಾರಿಕೊಂಡು ಹೋಗಲಿ ಅಂತ. ಮೂಲೆಗಳು ಕೂತ ಮೇಲೆ ಹಾಳೆಯನ್ನು ಎಳೆದು ತೆಗೆದರು. ಒಳಗೇ ಬಿಟ್ಟರೆ ಕುಳಿತಾಗ ಚರಪರ ಅನ್ನುತ್ತದೆ, ತೇವವೂ ನಿಲ್ಲುತ್ತದೆ.

ಈಗ ಹೇಗಿದೆ

ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿದೆ. ಎಡಕ್ಕೆ ತಗ್ಗುವುದು ಹೋಯಿತು. ಹುಡ್ ಮುಚ್ಚಿದರೂ ತಲೆ ತಾಗುವುದಿಲ್ಲ. ಮೈಸೂರಿಗೆ ಹೋಗಿ ಬಂದರೂ ಸೊಂಟ ನೋಯಲಿಲ್ಲ ಅಂತ ಮಾಲೀಕರು ಫೋನ್ ಮಾಡಿದ್ದರು.

ಎಲ್ಲವೂ ಅಚ್ಚುಕಟ್ಟಾಗಿದೆ ಅಂತ ಹೇಳುವಂತಿಲ್ಲ. ಬೆನ್ನ ಹಿಂಭಾಗದ ಹಳೇ ತುಂಡಿನ ಕಪ್ಪು ಮತ್ತು ಮುಂಭಾಗದ ಹೊಸ ಚರ್ಮದ ಕಪ್ಪು ಬಿಸಿಲಿನಲ್ಲಿ ಬೇರೆ ಬೇರೆ ಕಾಣುತ್ತವೆ. ಡ್ರೈವರ್ ಸೀಟಿನ ಮಧ್ಯೆ ಎರಡು ಸುಕ್ಕು ಬಂದಿವೆ. ಮಾಲೀಕರು ಗಾಬರಿಯಾಗಿದ್ದರು. ಹೊಸ ಫೋಮ್ ಕೂರುವಾಗ, ಚರ್ಮ ಮೈಗೆ ಹೊಂದಿಕೊಳ್ಳುವಾಗ ಇದು ಸಹಜ, ಇನ್ನೂ ಒಂದು ವರ್ಷ ನೋಡೋಣ ಅಂತ ಮೇಸ್ತ್ರಿ ಹೇಳಿದ್ದಾರೆ. ನನ್ನ ಅಭಿಪ್ರಾಯವೂ ಅದೇ. ಇಷ್ಟಕ್ಕೇ ಬಿಚ್ಚಿ ಬಿಗಿ ಮಾಡಿದರೆ ಹೊಲಿಗೆಯ ಮೇಲೆ ಎಳೆತ ಬಿದ್ದು ಅಲ್ಲಿ ಹರಿಯುತ್ತದೆ.

ಬಿಚ್ಚಿದ ಹಳೇ ಚರ್ಮದ ತುಂಡುಗಳು ನಂಬರ್ ಸಮೇತ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿವೆ, ಜೊತೆಗೆ ಪೇಪರ್ ಮಾದರಿ, ಫೋಮಿನ ಅಳತೆ ಬರೆದ ಚೀಟಿ. ಕಾರು ಮುಂದೆ ಯಾರ ಕೈಗೆ ಹೋದರೂ ಪೆಟ್ಟಿಗೆಯೂ ಜೊತೆಗೆ ಹೋಗಬೇಕು ಅಂತ ಮಾಲೀಕರು ಕಾರಿನ ಕಾಗದಪತ್ರದ ಫೈಲಿನಲ್ಲಿ ಬರೆದಿಟ್ಟಿದ್ದಾರೆ. ಸೀಟು ಹೊಸದಾದ ಮೇಲೆ ಬಾಗಿಲಿನ ಒಳಹೊದಿಕೆ ಹಳತಾಗಿ ಕಾಣುತ್ತಿದೆ, ಅದನ್ನೂ ಬದಲಿಸೋಣವಾ ಅಂತ ಕೇಳಿದರು. ಹೊಲಿಗೆ ಗಟ್ಟಿಯಿದೆ, ಹಿಂದಿನ ಹಲಗೆ ನೀರು ಕುಡಿದಿಲ್ಲ. ಬೇಡ ಅಂದೆ, ಅವರೂ ಒಪ್ಪಿದರು.